ಐದನೇ ನಂಬರಿನ ವಾಲ್ವು

ಐದನೆಯದೊಂದನ್ನು ಬಿಟ್ಟು ಉಳಿದ ಎಲ್ಲ ವಾಲ್ವುಗಳನ್ನೂ ತಿರುಗಿಸಿ ಮುಗಿಸಿದ ಮೇಲೆ ಲೀಲಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ತಾರಸಿಯ ಮೋಟುಗೋಡೆಗೆ ಒರಗಿ ನಿಂತಳು. ಇಷ್ಟು ಸುಲಭವೆಂದು ಅವಳಿಗೆ ಗೊತ್ತಿರಲಿಲ್ಲ. ಏನಾದರೂ ಮಾಡಬೇಕಾಗುತ್ತದೆ, ಕೂಗಾಡಬೇಕಾಗುತ್ತದೆ, ನಾಲ್ಕು ಜನರೆದುರು ಐದನೇ ಮನೆಯವನ ಮುಖಕ್ಕೆ ಹೊಡೆದ ಹಾಗೆ ಒಂದು ಮಾತು ಆಡಬೇಕಾಗುತ್ತದೆ ಎಂದು ವರ್ಷವೆಲ್ಲ ಆ ಮಾತನ್ನು ಮಸೆಯುತ್ತ ಕಳೆದವಳಿಗೆ, ಸುಮ್ಮನೆ ಒಂದು ಕೆಲಸವನ್ನು ಮಾಡದೆ ಬಿಟ್ಟರೆ ಸಾಕೆಂಬುದು ಈ ಬೆಳಗಿನಲ್ಲಿ ಹೊಳೆದಿತ್ತು. ಕೆಂಪು ಬಣ್ಣ ಬಳಿದ ಪುಟ್ಟ ಚಕ್ರ. ಮಕ್ಕಳ ಆಟದ ಬಂಡಿಯದಷ್ಟೇ ದೊಡ್ಡದು. ಅದರ ಕೆಳಗೆ ಗೋಡೆಯ ಮೇಲೆ ಗಂಡ ಭೋಜರಾಜರ ಕೈಬರಹದ ಐದು, ಹೊಟ್ಟೆ ದುಂಡಗೆ, ತಲೆಯ ಮೇಲಿನ ಗೆರೆ ನೆಟ್ಟಗೆ. ಕೆಳಗೆ ಆ ಮನೆಯಲ್ಲಿ ಈಗ ನಲ್ಲಿಗಳನ್ನೆಲ್ಲ ತಿರುಗಿಸಿಟ್ಟು, ಬಕೀಟುಗಳನ್ನು ಸಾಲಾಗಿ ಇಟ್ಟು ಕಾಯುತ್ತಿರುತ್ತಾರೆ. ಮೈಸೂರಿನಿಂದ ವ್ಯಾನಿನ ತುಂಬ ನೆಂಟರು ಬಂದಿಳಿದಿದ್ದಾರೆ. ಆ ಮನೆಯ ಮಗಳು ಮಾಧವಿಯ ಮಗುವಿಗೆ ಇವತ್ತು ನಾಮಕರಣ. ಅಡುಗೆಯವರು ಬಂದು ಅಕ್ಕಿ ತೊಳೆಯುವುದಕ್ಕೆ ನೀರು ಕೇಳುತ್ತಿರುತ್ತಾರೆ. ಬಾಣಂತಿಗೆ ಎಣ್ಣೆ ಹಚ್ಚಿ ಕೂರಿಸಿರುತ್ತಾರೆ. ತಲೆಯ ಮೇಲೆ ಎಣ್ಣೆ ಇಳಿಯುತ್ತಿರುವಾಗ ನಲ್ಲಿ ಒಣಗಿ ಕೆಮ್ಮುವುದನ್ನು ಅವಳು ಕಣ್ಣು ಮುಚ್ಚಿ ಕೇಳಿದಳು. ಕೇಳಿ, ಇನ್ನೊಂದು ಸಲ ಕೇಳಿದಳು.

ಸ್ಟೇಷನ್ನಿನ ಕಡೆಯಿಂದ ತಾಂಬರಂಗೆ ಹೋಗುವ ಗಾಡಿಯ ಸದ್ದು ಬಂತು. ಅಗ್ನಿ ನಕ್ಷತ್ರದ ದಿನಗಳು, ಮೇ ತಿಂಗಳ ಕಡುಬೇಸಿಗೆ. ಹೊತ್ತು ಮೂಡುತ್ತಿದ್ದಂತೆಯೇ ತಾರಸಿಯ ಕಾವು ಚಪ್ಪಲಿಯ ಅಟ್ಟೆಯನ್ನು ದಾಟಿ ಪಾದಕ್ಕೆ ತಾಗುತ್ತಿತ್ತು. ಮದರಾಸಿನ ಕ್ರೋಂಪೇಟೆಯ ಈ ಕಡೆ ನೆಲದೊಳಗಿನ ನೀರನ್ನು ಬಾಯಿಗೆ ಹಾಕುವ ಹಾಗಿಲ್ಲ. ಚರ್ಮ ಹದ ಮಾಡುವ ಕಾರ್ಖಾನೆಗಳ ನೆನಪನ್ನು ಅದು ಬಣ್ಣದಲ್ಲೂ ವಾಸನೆಯಲ್ಲೂ ಇಟ್ಟುಕೊಂಡಿದೆ. ಮಳೆ ಕೈಕೊಟ್ಟು ಕೆರೆಗಳೆಲ್ಲ ಬಿರುಕು ಬಿಟ್ಟ ಮೇಲೆ ಲಾರಿಯ ನೀರೇ ಗತಿ. ಲಾರಿ ಬಂದು ಕೆಳಗಿನ ತೊಟ್ಟಿ ತುಂಬಿಸಿದರೆ ಅದನ್ನು ಮೋಟಾರು ಹಾಕಿ ಮೇಲಿನ ಟ್ಯಾಂಕಿಗೆ ಏರಿಸುವುದು, ಬೆಳಿಗ್ಗೆ ಅರ್ಧ ಗಂಟೆ ಎಲ್ಲ ಮನೆಗಳ ವಾಲ್ವುಗಳನ್ನೂ ಒಟ್ಟಿಗೆ ತೆರೆಯುವುದು, ಒಟ್ಟಿಗೆ ಮುಚ್ಚುವುದು. ಆ ಅರ್ಧ ಗಂಟೆಯಲ್ಲಿ ಹಿಡಿದುಕೊಂಡಷ್ಟೇ ದಿನದ ಪಾಲು. ತಿಂಗಳಿಗೊಂದು ಮನೆಯಂತೆ ತಿರುಗಿಸುವ ಸರದಿ. ಈ ನಿಯಮ ಮಾಡಿದವನು ಐದನೇ ನಂಬರಿನ ಬದರಿನಾಥ, ಬ್ಯಾಂಕಿನಲ್ಲಿ ಆಫೀಸರಾಗಿ ನಿವೃತ್ತನಾದವನು, ಈ ಆರು ಮನೆಗಳ ಸಂಘಕ್ಕೆ ಕಾರ್ಯದರ್ಶಿ. ಬಾಯಿ ಬಿಟ್ಟು ಮಾತಾಡಬೇಕಾದಾಗ ಲೀಲಮ್ಮ ಇವತ್ತಿಗೂ ‘ಅವರು’ ಎನ್ನುತ್ತಾಳೆ. ಮನಸ್ಸಿನೊಳಗೆ ಅವನಿಗೆ ಬಹುವಚನ ಕೊಡುವುದನ್ನು ನಿಲ್ಲಿಸಿ ಒಂದು ವರ್ಷವಾಗಿತ್ತು.

‘ಎಲ್ರ ಮನೇಲೂ ಏನಾದ್ರೊಂದು ಇದ್ದೇ ಇರತ್ತೆ ಲೀಲಮ್ಮನೋರೆ.’

ಅಷ್ಟೇ. ಬೈದಿರಲಿಲ್ಲ, ದನಿ ಏರಿಸಿರಲಿಲ್ಲ. ಕೈಗಡಿಯಾರ ನೋಡಿಕೊಂಡು ಹೇಳಿದ್ದ. ಹೋದ ವರ್ಷ ಇದೇ ಮೇ ತಿಂಗಳು, ಮೆಟ್ಟಿಲ ಕೆಳಗೆ ತೊಟ್ಟಿಯ ಪಕ್ಕದಲ್ಲಿ ಸಂಘದವರೆಲ್ಲ ಸೇರಿದ್ದರು. ಲಾರಿ ಬಾರದೆ ಎಲ್ಲರ ಮುಖವೂ ಕಪ್ಪಿಟ್ಟಿತ್ತು. ಉಳಿದ ಮನೆಗಳ ಗಂಡಸರು, ಅವರ ನಡುವೆ ಅವಳೊಬ್ಬಳು. ಒಂದೇ ಒಂದು ಸಲ ನಮ್ಮ ವಾಲ್ವು ಬಿಡಿ, ಎರಡು ಬಕೀಟು ಸಾಕು ಎಂದಳು. ಯಾಕೆ ಎಂದು ಯಾರೋ ಕೇಳಿದರು. ಯಾಕೆ ಎಂದು ಹೇಳಬೇಕಾಯಿತು. ‘ನಮ್ಮೋರು ಮಲಗಿದಲ್ಲೇ ಗಲೀಜು ಮಾಡ್ಕೊಂಡಿದಾರೆ’ ಎಂದು, ಮೂವತ್ತೈದು ವರ್ಷ ಮಡಿಕೆ ಮುರಿಯದ ಅಂಗಿ ಹಾಕಿಕೊಂಡು ರೈಲ್ವೆ ಸಿಗ್ನಲ್ ವಿಭಾಗಕ್ಕೆ ಹೋಗಿ ಬಂದ ಮನುಷ್ಯನ ಬಗ್ಗೆ, ಪರಗಂಡಸರ ಮುಂದೆ ಹೇಳಿದಳು. ಹಿಂದಿನಿಂದ ಯಾರೋ ಕೆಮ್ಮಿದರು. ಕೆಮ್ಮೋ ನಗುವೋ ಇಂದಿಗೂ ಅವಳಿಗೆ ತೀರ್ಮಾನವಾಗಿಲ್ಲ. ಆಗಲೇ ಬದರಿನಾಥ ಗಡಿಯಾರ ನೋಡಿಕೊಂಡದ್ದು, ಆ ಮಾತು ಆಡಿದ್ದು. ಮೇಲೆ ಬಂದವಳು ಏನೋ ಒಂದು ಆಸೆಗೆ ಬಚ್ಚಲ ನಲ್ಲಿಯನ್ನು ತಿರುಗಿಸಿ, ಕೆಳಗೆ ಬಕೀಟು ಇಟ್ಟು, ಗಂಡನ ಹತ್ತಿರ ಕೂತಳು. ಲಕ್ವ ಹೊಡೆದು ಅವರ ಅರ್ಧ ಮುಖ ಸತ್ತಿತ್ತು. ಬದುಕಿದ್ದ ಅರ್ಧ ಅವಳನ್ನು ನೋಡುತ್ತಿತ್ತು, ನಾಚಿಕೆಯಿಂದ. ಫ್ಯಾನು ತಿರುಗುತ್ತಿತ್ತು, ನೊಣ ಏಳುತ್ತಿತ್ತು, ಕೂರುತ್ತಿತ್ತು. ಬಟ್ಟೆ ಮೈಗೆ ಒಣಗಿ ಅಂಟಿಕೊಳ್ಳುವಷ್ಟು ಹೊತ್ತು ಆ ಮಧ್ಯಾಹ್ನ ಇತ್ತು. ನಲ್ಲಿ ಒಂದು ಸಲವೂ ಉಸಿರೆತ್ತಲಿಲ್ಲ. ಸಂಜೆ ಕೆಳಮನೆಯ ಜಯಲಕ್ಷ್ಮಮ್ಮ ತಾನು ಕುಡಿಯುವುದಕ್ಕೆಂದು ಇಟ್ಟುಕೊಂಡಿದ್ದ ಕೊಡವನ್ನು ಸೊಂಟದ ಮೇಲೆ ಹೊತ್ತು, ಪ್ರತಿ ಮೆಟ್ಟಿಲಿಗೂ ‘ಮುರುಗಾ’ ಎನ್ನುತ್ತ ಹತ್ತಿ ಬಂದು ಬಾಗಿಲಲ್ಲಿಟ್ಟು, ‘ಇದು ವೆಚ್ಚುಕ್ಕೋ, ಇಟ್ಕೋ ತಾಯಿ, ಮಾತಾಡ್ಬೇಡ’ ಎಂದು ಇಳಿದುಹೋಗಿದ್ದಳು. ಆ ವಾರವೇ ಭೋಜರಾಜರು ಹೋದರು. ಹೋದ ಬೆಳಿಗ್ಗೆ ಬದರಿನಾಥ ತಾನೇ ತಾರಸಿಗೆ ಓಡಿ, ಇದ್ದಬದ್ದ ವಾಲ್ವುಗಳನ್ನೆಲ್ಲ ತಿರುಗಿಸಿ, ಮೇಲಿನಿಂದಲೇ ಕೂಗಿದ: ‘ನೀರು ಬಿಟ್ಟಿದೀನಿ, ಎಷ್ಟು ಬೇಕೋ ಹಿಡ್ಕೊಳ್ಳಿ!’ ಹೆಣವನ್ನು ಮನಸ್ಸಿಗೆ ತೃಪ್ತಿಯಾಗುವಷ್ಟು ತೊಳೆದರು.

ವಾಲ್ವು. ಎಂಥ ಪದ. ಅವಳು ಮೈಸೂರಿನಲ್ಲಿ ಬಿಎಸ್‌ಸಿ ಓದುವಾಗ ಸಸ್ಯಶಾಸ್ತ್ರದ ತರಗತಿಯಲ್ಲಿ ಅದನ್ನು ಮೊದಲು ಬರೆದುಕೊಂಡದ್ದು. ಕಾಯಿ ಬಲಿತು ಒಣಗಿ ಬಿರಿದಾಗ ಎರಡು ಹೋಳಾಗುತ್ತದಲ್ಲ, ಆ ಒಂದೊಂದು ಹೋಳಿಗೂ ವಾಲ್ವು ಎಂದು ಹೆಸರು. ಮನೆಗೆ ಬಂದು ಅವರೆಕಾಯಿ ಸುಲಿಯುತ್ತಿದ್ದ ಅಮ್ಮನಿಗೆ ಹೇಳಿದರೆ, ‘ಸಿಪ್ಪೇಗೂ ಇಂಗ್ಲಿಷಾ?’ ಎಂದು ನಕ್ಕಿದ್ದಳು. ಅಷ್ಟರಲ್ಲಿ ಅದು ಮನೆಯ ತುಂಬ ಬೇರೆ ಬೇರೆ ವೇಷದಲ್ಲಿ ಇದ್ದೇ ಇತ್ತು. ಅಪ್ಪನ ಸೈಕಲ್ಲಿನ ಚಕ್ರದಲ್ಲಿ ಎರೆಹುಳುವಿನಂಥ ರಬ್ಬರು ತುಂಡಾಗಿ, ಅದು ಹರಿದರೆ ‘ವಾಲ್‌ಟ್ಯೂಬು ಹೋಯ್ತು’ ಎಂದು ಅವನು ಇಡೀ ಸಂಜೆ ಮುನಿಯುತ್ತಿದ್ದ. ರೇಡಿಯೋದ ಬೆನ್ನಿನಲ್ಲಿ ಕೆಂಪಗೆ ಕಾದು ಮೆಲ್ಲಗೆ ಮಾತು ಹುಟ್ಟಿಸುವ ಗಾಜಿನ ಬುಡ್ಡಿಯಾಗಿ. ಮದುವೆಯಾಗಿ ಬಂದ ಮೇಲೆ ಕುಕ್ಕರಿನ ಮುಚ್ಚಳದಲ್ಲಿ. ಒಂದು ಸಲ ಅದು ಹಾರಿ ಬೇಳೆಯೆಲ್ಲ ಸೂರಿಗೆ ಅಂಟಿದಾಗ ಭೋಜರಾಜರು ಅವಳನ್ನು ಬೈಯದೆ ಕುರ್ಚಿ ಹತ್ತಿ ಸೂರು ಒರೆಸುತ್ತ ಪಾಠ ಹೇಳಿದ್ದರು. ‘ನೋಡು ಲೀಲಾ, ವಾಲ್ವು ಅಂದ್ರೆ ಬಾಗಿಲು ಅಷ್ಟೇ. ಯಾವಾಗ ತೆರೀಬೇಕು, ಯಾವಾಗ ಮುಚ್ಚಬೇಕು ಅಂತ ಗೊತ್ತಿರೋ ಬಾಗಿಲು.’ ಕಡೆಗೆ ಅದು ಅವರ ಎದೆಯೊಳಗೇ ಬಂದು ಕೂತಿತು. ಡಾಕ್ಟರು ಕಾಗದದ ಮೇಲೆ ಪೆನ್ನಿನಿಂದ ಎರಡು ಗೀಟೆಳೆದು, ಇದು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಹೋದ ರಕ್ತ ವಾಪಸು ಬರುತ್ತದೆ ಎಂದಾಗ ಭೋಜರಾಜರು ಪರಿಚಯದ ಯಂತ್ರದ ವಿಷಯ ಕೇಳಿದವರಂತೆ ತಲೆದೂಗಿದ್ದರು. ಇಲ್ಲಿ ಈ ಕಟ್ಟಡದಲ್ಲಿ ಎಲ್ಲರಿಗೂ ಅದು ವಾಲು. ವಾಲು ಬಿಟ್ರಾ, ವಾಲು ಮುಚ್ಚಿದ್ರಾ, ವಾಲಿನವರು ಯಾರು ಈ ತಿಂಗಳು.

‘ಏನು ವಾಲು ಮಂತ್ರಿಗಳೇ, ಇನ್ನೂ ಮೇಲೇ ಇದೀರಾ?’

ಜಯಲಕ್ಷ್ಮಮ್ಮ ಒದ್ದೆ ಬಟ್ಟೆಯ ಬುಟ್ಟಿಯೊಂದಿಗೆ ಏದುಸಿರು ಬಿಡುತ್ತ ಬಂದಿದ್ದಳು. ಅವಳ ಅಜ್ಜನ ಕಾಲದಿಂದ ಮದರಾಸಿನವರು. ಅವಳ ಕನ್ನಡ ಅರ್ಧ ದಾರಿಯಲ್ಲಿ ತಮಿಳಿನ ಗಾಡಿ ಹತ್ತಿಬಿಡುತ್ತಿತ್ತು. ಲೀಲಮ್ಮ ಅರಿವಿಲ್ಲದೆ ಐದನೇ ಚಕ್ರಕ್ಕೆ ಅಡ್ಡವಾಗಿ ನಿಂತಳು.

‘ಸುಮ್ನೆ. ಗಾಳಿ ಬರ್ತಿತ್ತು.’

‘ಗಾಳಿಯಾ? ಈ ಸುಡೋ ವೆಯಿಲಲ್ಲಿ? ನನಗೂ ಸ್ವಲ್ಪ ಕೊಡಿ ನೋಡೋಣ.’ ಹಗ್ಗದ ಮೇಲೆ ಸೀರೆ ಎಳೆದು ಹಾಕುತ್ತ, ‘ಬದರಿ ಮನೆಗೆ ಹೋಗಲ್ವಾ? ಹೋಳಿಗೆಯಂತೆ. ನಿಮ್ಮೂರ ಹೋಳಿಗೆ. ಸೀತಾ ನಂಗೆ ಹತ್ತು ಗಂಟೆಗೇ ಬಾ ಅಂತ ಕರೆದ್ಬಿಟ್ಟಳು, ಬಳೆ ಎಲ್ಲ ತಂದು ವೆಚ್ಚಿರುಕ್ಕಾಳಂತೆ’ ಎಂದವಳು, ಎಂದ ಮೇಲೆ ನಾಲಿಗೆ ಕಚ್ಚಿಕೊಂಡು, ಬಟ್ಟೆಯ ಕ್ಲಿಪ್ಪನ್ನು ಹುಡುಕುವವಳಂತೆ ಬುಟ್ಟಿಯೊಳಗೆ ಬಗ್ಗಿದಳು. ಬಗ್ಗಿದಲ್ಲಿಂದಲೇ, ‘ನಾನೂ ಊಟದ ಹೊತ್ತಿಗೇ ಹೋಗ್ತೀನಿ ಬಿಡಿ. ಒಟ್ಟಿಗೆ ಹೋಗೋಣ’ ಎಂದಳು.

ಆ ಮಾತಿನ ಮೃದುತ್ವ ಲೀಲಮ್ಮನಿಗೆ ತಾಗಿತು. ಆದರೆ ಅದರ ಹಿಂದೆಯೇ ಬದರಿನಾಥನ ಹೆಂಡತಿ ಸೀತಾಳ ದನಿ ಬಂತು. ಹೋದ ವಾರ ಕರೆಯುವುದಕ್ಕೆಂದು ಬಂದ ಸೀತಾ ಹೊಸ್ತಿಲ ಆಚೆಯೇ ನಿಂತು, ‘ತೊಟ್ಟಿಲಿಗೆ ಹಾಕೋ ಶಾಸ್ತ್ರ ಎಲ್ಲ ಬೇಗ ಮುಗ್ದುಹೋಗತ್ತೆ ಲೀಲಮ್ಮ, ನೀವು ಊಟದ ಹೊತ್ತಿಗೆ ಬಂದ್ರೆ ಸಾಕು’ ಎಂದಿದ್ದಳು. ಅಂದರೆ ತೊಟ್ಟಿಲ ಹತ್ತಿರ ನಿಮ್ಮ ನೆರಳು ಬೇಡ. ಅದನ್ನು ಲೀಲಮ್ಮ ನುಂಗಿಕೊಳ್ಳುತ್ತಿದ್ದಳು, ಇಂಥವನ್ನು ವರ್ಷದಲ್ಲಿ ಎಷ್ಟೋ ನುಂಗಿದ್ದಳು. ನುಂಗಲಾರದ್ದು ಆಮೇಲೆ ಬಂದದ್ದು. ಹೊರಟವಳು ತಿರುಗಿ, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದಳು: ‘ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹೋದ ವರ್ಷ ನಾನು ಮೈಸೂರಲ್ಲಿದ್ದೆ, ನಮ್ಮೋರು ಆಮೇಲೆ ಹೇಳಿದ್ರು. ಎಲ್ರ ಮುಂದೆ ಇಲ್ಲ ಅಂದ್ರೂ ಮನಸ್ಸು ತಡೀದೆ ಮಧ್ಯಾಹ್ನ ಯಾರಿಗೂ ಕಾಣದ ಹಾಗೆ ಮೇಲೆ ಹೋಗಿ ನಿಮ್ಮನೆ ವಾಲ್ವು ಬಿಟ್ಟು ಬಂದ್ರಂತೆ. ಒಂದು ಗಂಟೆ. ತಮ್ಮದೇ ನಿಯಮ ತಾವೇ ಮುರಿದ್ರು. ಅದಕ್ಕೆ ನಿಮ್ಮ ಬಾಯಿಂದ ಒಂದು ಒಳ್ಳೇ ಮಾತು ಬೇಡ, ಮೆಟ್ಟಿಲಲ್ಲಿ ಎದುರಾದ್ರೆ ಮುಖ ತಿರುಗಿಸ್ಕೊಂಡು ಹೋಗ್ತೀರಲ್ಲ, ಅವ್ರಿಗೆ ಎಷ್ಟು ನೋವಾಗತ್ತೆ ಗೊತ್ತಾ?’

ಸುಳ್ಳು. ಎಂಥ ಅಚ್ಚುಕಟ್ಟಾದ ಸುಳ್ಳು. ಆ ಮಧ್ಯಾಹ್ನದ ಒಂದೊಂದು ನಿಮಿಷವನ್ನೂ ಅವಳು ತೆರೆದ ನಲ್ಲಿಯ ಕಡೆ ಕಿವಿಯಿಟ್ಟು ಕಳೆದಿದ್ದಳು. ಎರಡು ಬಕೀಟು ನೀರಿಗೆ ಬೇಡಿದವಳನ್ನು ಅವಮಾನಿಸಿದ್ದಲ್ಲದೆ, ಈಗ ಕೊಟ್ಟೆನೆಂದು ಹೆಂಡತಿಯ ಮುಂದೆ ದೊಡ್ಡ ಮನುಷ್ಯನಾಗಿದ್ದಾನೆ, ಇವಳನ್ನು ಉಪಕಾರ ಮರೆತವಳನ್ನಾಗಿ ಮಾಡಿದ್ದಾನೆ. ಇನ್ನು ಯಾರ್ಯಾರಿಗೆ ಹೇಳಿದ್ದಾನೋ. ಕತ್ತಲೆಯಲ್ಲಿ ಹಲ್ಲುನೋವಿನಂತೆ ಅದು ಅವಳೊಳಗೆ ಮಿಡಿಯತೊಡಗಿದ್ದು ಆವತ್ತಿನಿಂದ. ಈ ತಿಂಗಳ ಸರದಿ ತನ್ನದು, ನಾಮಕರಣ ಈ ತಿಂಗಳು: ಎರಡೂ ಒಂದರ ಪಕ್ಕ ಒಂದು ತಾವಾಗಿ ಬಂದು ಕೂತಿದ್ದವು. ಯಾರಾದರೂ ಕೇಳಿದರೆ ‘ಅಯ್ಯೋ ಮರೆತೆ, ವಯಸ್ಸಾಯ್ತಲ್ಲ’ ಎಂದರೆ ಆಯಿತು. ‘ಎಲ್ರ ಮನೇಲೂ ಏನಾದ್ರೊಂದು ಇದ್ದೇ ಇರತ್ತೆ’ ಎಂದೂ ಸೇರಿಸಬಹುದು. ನಗುನಗುತ್ತ.

ಜಯಲಕ್ಷ್ಮಮ್ಮ ಇಳಿದುಹೋದ ಮೇಲೆ ಅವಳೂ ಇಳಿದಳು. ಎರಡನೇ ಮಹಡಿಗೆ ಬರುತ್ತಿದ್ದಂತೆ ಕಾಲು ತಾನಾಗಿ ನಿಧಾನವಾಯಿತು. ಐದನೇ ನಂಬರಿನ ಬಾಗಿಲು ತೆರೆದಿತ್ತು, ಮಾವಿನೆಲೆಯ ತೋರಣ, ಹೊಸ್ತಿಲ ಮುಂದೆ ಒದ್ದೆಯಿನ್ನೂ ಆರದ ರಂಗೋಲಿ. ಒಳಗಿನಿಂದ ಒಗ್ಗರಣೆಯ ಘಮ. ಮತ್ತೆ, ನೀರು. ಸುಮ್ಮನೆ ನೀರಲ್ಲ, ಭೋರ್ಗರೆಯುವ ನೀರು, ಹಂಡೆಯ ತಳಕ್ಕೆ ಬಿದ್ದು ಮೇಲೇರುತ್ತ ಮೇಲೇರುತ್ತ ದನಿ ಬದಲಿಸುವ ನೀರು. ‘ಆ ದೊಡ್ಡ ಹಂಡೇನೂ ತುಂಬಿಸ್ಬಿಡೇ, ಇವತ್ತು ಚೆನ್ನಾಗಿ ಬರ್ತಿದೆ!’ ಎಂದು ಸೀತಾ ಯಾರಿಗೋ ಕೂಗಿದಳು. ಯಾರೋ ಹೆಂಗಸರು ನಕ್ಕರು. ಬಚ್ಚಲಿನಿಂದ ಮಾಧವಿಯ ‘ಬಿಸಿ, ಬಿಸಿ, ಸಾಕಮ್ಮ’ ಎಂಬ ಕೂಗು, ಚೊಂಬಿನಿಂದ ಸುರಿಯುವ ಸದ್ದು. ಲೀಲಮ್ಮ ಕಂಬಿ ಹಿಡಿದು ನಿಂತಳು. ತಾನು ತಿರುಗಿಸಿಬಿಟ್ಟೆನೇ? ಕೈ ತನ್ನ ಮಾತು ಕೇಳದೆ ಅಭ್ಯಾಸದಿಂದ ತೆರೆದುಬಿಟ್ಟಿತೇ? ಇಷ್ಟು ಸಣ್ಣ ಕೆಟ್ಟತನವನ್ನು ಮಾಡುವುದಕ್ಕೂ ನನ್ನಿಂದ ಆಗಲಿಲ್ಲವೇ ಎಂಬ ಅವಮಾನ ಕೆನ್ನೆಗೆ ಬಿಸಿಯಾಗಿ ಏರಿತು.

ತನ್ನ ಮನೆಯ ಬೀಗ ತೆಗೆದು ಒಳಗೆ ಕಾಲಿಟ್ಟಾಗ ಮೊದಲು ಅವಳಿಗೆ ಕೇಳಿಸಿದ್ದು ಏನೂ ಇಲ್ಲದ್ದು. ಮೇಲೆ ಹೋಗುವ ಮುಂಚೆ ನಲ್ಲಿ ತಿರುಗಿಸಿ, ಬಕೀಟು ಇಟ್ಟು ಹೋಗಿದ್ದಳು. ಬಕೀಟಿನ ತಳದಲ್ಲಿ ನಿನ್ನೆಯ ಒಂದು ಗುಟುಕು ನೀರು, ಅದರಲ್ಲಿ ಒಂದು ಇರುವೆ. ನಲ್ಲಿಯ ಬಾಯಿ ಒಮ್ಮೆ ಕೆಮ್ಮಿತು, ಗಾಳಿಯನ್ನು ಉಗುಳಿತು, ಸುಮ್ಮನಾಯಿತು.

ಅವಳು ಮಂಡಿ ನೋವನ್ನು ಲೆಕ್ಕಿಸದೆ ಮತ್ತೆ ತಾರಸಿಗೆ ಹತ್ತಿದಳು. ಐದು ಮುಚ್ಚಿಯೇ ಇತ್ತು. ಕೈ ಅವಳ ಮಾತು ಕೇಳಿತ್ತು. ಮೂರು, ಅವಳ ಮನೆಯದು, ಪೂರ್ತಿ ತೆರೆದಿತ್ತು. ಅವಳು ಐದನ್ನು ತಿರುಗಿಸಿದಳು. ವಾಲ್ವುಗಳಿಂದ ಹೊರಟು ಮೋಟುಗೋಡೆಯ ಕಡೆ ಹೋಗುವ ಎರಡು ಬಿಳಿಯ ಪೈಪುಗಳು ಟ್ಯಾಂಕಿನ ನೆರಳಿನಲ್ಲಿ, ಕಸ ಮತ್ತು ಕಾಗೆಯ ಪುಕ್ಕ ತುಂಬಿದ ಆ ಇಕ್ಕಟ್ಟಿನಲ್ಲಿ, ಒಂದರ ಅಡಿಯಲ್ಲಿ ಒಂದು ನುಸುಳಿ ಜಾಗ ಬದಲಿಸಿಕೊಳ್ಳುವುದನ್ನು ಅವಳು ಬಗ್ಗಿ, ಕೈ ಚಾಚಿ, ಬೆರಳಿನಿಂದ ಮುಟ್ಟಿ ನೋಡಿದಳು. ಪೈಪುಗಳು ಇಳಿಯುವ ಸಂದಿನೊಳಗಿಂದ, ಬಹಳ ಕೆಳಗಿನಿಂದ, ಅವಳದೇ ಬಚ್ಚಲಿನ ಬಕೀಟಿಗೆ ನೀರು ಬೀಳುವ ಸದ್ದು ಬಂತು.

ಐದು ಮೂರಾಗಿತ್ತು. ಮೂರು ಐದಾಗಿತ್ತು. ಹೋದ ವರ್ಷ ಬೇಸಿಗೆಗೆ ಮುಂಚೆ ಹಳೆಯ ತುಕ್ಕು ಪೈಪುಗಳನ್ನು ಕಿತ್ತು ಹೊಸದು ಹಾಕಿಸಿದ್ದರು. ಎಲ್ಲವನ್ನೂ ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚುವ ಕಟ್ಟಡದಲ್ಲಿ ಯಾವುದು ಯಾರದೆಂದು ಯಾರಿಗೂ ಗೊತ್ತಾಗುವ ಪ್ರಸಂಗವೇ ಬಂದಿರಲಿಲ್ಲ. ಒಬ್ಬರ ವಾಲ್ವನ್ನು ಮಾತ್ರ, ಒಬ್ಬರೇ, ಮುಟ್ಟುವವರೆಗೆ. ಹಾಗೆ ಮುಟ್ಟಿದವಳು ಅವಳು ಇವತ್ತು. ಅವಳಿಗಿಂತ ಮುಂಚೆ—

ಅವನು ಸುಳ್ಳು ಹೇಳಿರಲಿಲ್ಲ.

ಚಪ್ಪಲಿ ಹಾಕದೆ ಬಂದಿದ್ದ ಕಾಲಡಿಯಲ್ಲಿ ತಾರಸಿ ಸುಡುತ್ತಿದ್ದುದು ಆಗ ತಿಳಿಯಿತು. ಒಂದು ಕಾಲನ್ನೆತ್ತಿ ಇನ್ನೊಂದರ ಮೇಲಿಟ್ಟು ಕೊಕ್ಕರೆಯಂತೆ ನಿಂತಳು. ಆ ಮಧ್ಯಾಹ್ನ, ಎಲ್ಲರೂ ಮಲಗಿದ್ದಾಗ, ಆ ಬೊಜ್ಜಿನ ಮನುಷ್ಯ ಕಳ್ಳನಂತೆ ಮೆಟ್ಟಿಲು ಹತ್ತಿ ಬಂದು ಗೋಡೆಯ ಮೇಲಿನ ‘ಮೂರು’ ನೋಡಿ ಚಕ್ರ ತಿರುಗಿಸಿದ್ದ. ನೀರು ಹೊರಟು, ಇಳಿದು, ಅವನದೇ ಬೀಗ ಹಾಕಿದ ಮನೆಯೊಳಗೆ ಹೋಗಿ, ತೊಟ್ಟಿಕ್ಕಿದರೂ ಸಹಿಸದೆ ಅವನು ತಾನೇ ಬಿಗಿದಿಟ್ಟ ನಲ್ಲಿಗಳ ಹಿಂದೆ ಒಂದು ಗಂಟೆ ನಿಂತಿತ್ತು. ಒಂದು ಅಂತಸ್ತು ಕೆಳಗೆ ನೊಣ ಏಳುತ್ತಿತ್ತು, ಕೂರುತ್ತಿತ್ತು. ಅದನ್ನು ಅವಳು ನಂಬಲೊಲ್ಲದೆ ಮತ್ತೆ ಬಗ್ಗಿ ಪೈಪನ್ನು ಮುಟ್ಟಿದಳು. ವರ್ಷವೆಲ್ಲ ಬೆಳಿಗ್ಗೆ ಎದ್ದ ಕೂಡಲೇ ಹುಡುಕುತ್ತಿದ್ದುದು ಅವನನ್ನು. ಕಾಫಿ ಬೆರೆಸುವಾಗ, ತುಳಸಿಗೆ ನೀರು ಹಾಕುವಾಗ ಮಾತಾಡುತ್ತಿದ್ದುದು ಅವನೊಂದಿಗೆ. ಖಾಲಿ ಮನೆಯಲ್ಲಿ ಜೊತೆಗಿದ್ದದ್ದು ಆ ಸಿಟ್ಟೊಂದೇ. ಈಗ ಅದನ್ನೂ ಕಿತ್ತುಕೊಂಡರೆ ಉಳಿಯುವುದೇನು? ಒಳ್ಳೆಯವನಾಗುವುದಕ್ಕೆ ಅವನಿಗೆ ಯಾರು ಹೇಳಿದ್ದರು? ತನ್ನ ಒಳ್ಳೆಯತನವನ್ನು ಬಂದು ಬಾಗಿಲು ತಟ್ಟಿ ಕೊಡಲಾರದವನು ಅದನ್ನು ಯಾಕೆ ಮಾಡಬೇಕಿತ್ತು?

ಆಗ ಅವಳ ಕಣ್ಣು ಗೋಡೆಯ ಮೇಲಿನ ಅಂಕಿಗಳ ಮೇಲೆ ನಿಂತಿತು. ದುಂಡು ಹೊಟ್ಟೆಯ ಐದು. ಅದರ ಪಕ್ಕದಲ್ಲಿ ಎರಡು ಬಿಲ್ಲು ಜೋಡಿಸಿದಂಥ ಮೂರು.

ಭೋಜರಾಜರು ಮುಕ್ಕಾಲಿಯ ಮೇಲೆ ಕೂತು ಬರೆದಿದ್ದರು. ಕಾಲು ಆಗಲೇ ಊದಿಕೊಂಡಿತ್ತು. ಅವಳು ಬಿಸಿಲಿಗೆ ಕೊಡೆ ಹಿಡಿದು ನಿಂತಿದ್ದಳು. ಪ್ಲಂಬರು ಸಂಜೆ ಬಂದು ಗುರುತು ಹಾಕಿಕೊಡುತ್ತೇನೆ ಎಂದಿದ್ದ. ‘ಅವನ ಕೈಬರಹ ಕಾಗೆ ಕಾಲು. ನಾನು ಬರೀತೀನಿ ಬಿಡಿ’ ಎಂದು ಬದರಿನಾಥನಿಗೆ ಹೇಳಿ, ಒಂದೊಂದು ಪೈಪನ್ನೂ ಕಣ್ಣಿನಿಂದ ಹಿಂಬಾಲಿಸಿ, ಒಂದೊಂದು ಅಂಕಿಯನ್ನೂ ದೇವರ ಪಟಕ್ಕೆ ಬೊಟ್ಟಿಡುವ ಹಾಗೆ ಇಟ್ಟಿದ್ದರು. ಬಗ್ಗಿದರೆ ಉಸಿರು ಕಟ್ಟುತ್ತಿತ್ತು. ಟ್ಯಾಂಕಿನ ಹಿಂದೆ ಬಗ್ಗಿರಲಿಕ್ಕಿಲ್ಲ. ರೈಲ್ವೆಯಲ್ಲಿ ಮೂವತ್ತೈದು ವರ್ಷ ಒಂದು ತಂತಿಯ ಗುರುತು ತಪ್ಪದವರು. ಮುಗಿಸಿ, ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅಲುಬುತ್ತ, ಹುಡುಗನಂತೆ ನಕ್ಕು ಹೇಳಿದ್ದರು: ‘ಇನ್ನು ಯಾವ ಮಂಕನಿಗೂ ತಪ್ಪು ಮಾಡೋಕ್ಕಾಗಲ್ಲ, ನೋಡು.’

‘ನೀವೇ’ ಎಂದಳು ಲೀಲಮ್ಮ ಗಟ್ಟಿಯಾಗಿ, ಖಾಲಿ ತಾರಸಿಗೆ. ‘ನೀವೇ ಏನ್ರೀ?’

ಸಿಟ್ಟು ದಿಕ್ಕು ಬದಲಿಸಿ ಅವರ ಕಡೆ ಹೊರಳಲು ನೋಡಿತು. ಬದುಕಿದ್ದ ಅರ್ಧ ಮುಖ, ಅದರ ನಾಚಿಕೆ ಅಡ್ಡ ಬಂತು. ಹೊರಳಲಾರದೆ ಸಿಟ್ಟು ತಿರುಗಿ ಹಳೆಯ ಜಾಗಕ್ಕೇ ಹೋಯಿತು. ಅಲ್ಲಿ ಅದಕ್ಕೆ ದಾರಿ ಸವೆದಿತ್ತು. ಅರ್ಧ ಗಂಟೆ ಮೀರಿಹೋಗಿತ್ತು. ಅವಳು ವಾಲ್ವುಗಳನ್ನೆಲ್ಲ ಮುಚ್ಚಿ ಕೆಳಗಿಳಿದಳು. ಈ ವಿಷಯ ನಾಳೆ ಯಾರಿಗಾದರೂ ತಿಳಿದರೆ ಏನಾಗುತ್ತದೆಂದು ಅವಳಿಗೆ ಕಾಣುತ್ತಿತ್ತು. ಮೆಟ್ಟಿಲ ಕೆಳಗೆ ಸಂಘ ಸೇರುತ್ತದೆ. ‘ಭೋಜರಾಜರೇ ಬರೆದಿದ್ದಲ್ವೇ? ಪಾಪ, ಆಗ್ಲೇ ತಲೆ ಸರಿ ಇರ್ಲಿಲ್ಲ.’ ಹಿಂದಿನಿಂದ ಯಾರೋ ಕೆಮ್ಮುತ್ತಾರೆ.

ಊಟದ ಹೊತ್ತಿಗೆ ಜಯಲಕ್ಷ್ಮಮ್ಮ ಬಂದು ಬಾಗಿಲು ತಟ್ಟಿದಾಗ ತಲೆನೋವು ಎಂದು ಹೇಳಿ ಕಳಿಸಿದಳು. ಕಟ್ಟಡವೆಲ್ಲ ಉಂಡು ಮಲಗಿದ ಮೇಲೆ ಅಟ್ಟದಿಂದ ಬಣ್ಣದ ಡಬ್ಬಿ ಇಳಿಸಿದಳು. ಮೇಲೆ ಕೆನೆಗಟ್ಟಿ ಒಣಗಿತ್ತು, ಚಾಕುವಿನಿಂದ ಕೊಯ್ದರೆ ಅಡಿಯಲ್ಲಿ ಇನ್ನೂ ಕೆಂಪಗೆ, ಹಸಿಯಾಗಿ ಇತ್ತು. ಸೀಮೆಎಣ್ಣೆ, ಮರಳುಕಾಗದ, ಹಳೆಯ ಧೋತ್ರದ ತುಂಡು. ಆ ಬಿಸಿಲಿನಲ್ಲಿ, ತಲೆಗೆ ಸೆರಗು ಹೊದ್ದು, ಗಂಡನ ಕೈಬರಹವನ್ನು ಉಜ್ಜಿ ಉಜ್ಜಿ ತೆಗೆದಳು. ಐದು ಹೋಗಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಅವರ ಹಾಗೆಯೇ ಹೊಟ್ಟೆ ದುಂಡಗೆ, ಗೆರೆ ನೆಟ್ಟಗೆ, ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದಳು. ಬಗ್ಗಿದಾಗ ಅವಳಿಗೂ ಉಸಿರು ಕಟ್ಟಿತು. ಹೊಸದೆಂದು ಕಾಣದಿರಲೆಂದು ಮೇಲೆ ಒಂದು ಹಿಡಿ ಧೂಳು ಎರಚಿದಳು. ಕೆಳಗೆ ಬಂದು ಕೈ ತೊಳೆದರೂ ಬಲಗೈ ತೋರುಬೆರಳಿನ ಉಗುರಿನ ಸುತ್ತ ಕೆಂಪು ಉಳಿಯಿತು.

ಹೊತ್ತು ಇಳಿಯುವಾಗ ಬಾಗಿಲ ಗಂಟೆ ಬಾರಿಸಿತು. ಬದರಿನಾಥ ನಿಂತಿದ್ದ. ಪಂಚೆ, ಹೆಗಲ ಮೇಲೆ ಶಲ್ಯ, ಬಾಳೆಲೆ ಮುಚ್ಚಿದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಹೊಸ್ತಿಲ ಆಚೆ ನಿಲ್ಲದೆ ಒಂದು ಕಾಲು ಒಳಗಿಟ್ಟಿದ್ದ.

‘ನೀವು ಊಟಕ್ಕೆ ಬರಲಿಲ್ಲ.’

‘ತಲೆನೋವು.’

‘ಜಯಲಕ್ಷ್ಮಮ್ಮ ಹೇಳಿದ್ರು. ಹೋಳಿಗೆ ಇದೆ. ತುಪ್ಪ ಬೇರೆ ಇಟ್ಟಿದೀನಿ, ಬಿಸಿ ಮಾಡಿ ಹಾಕ್ಕೊಳ್ಳಿ.’ ಹೆಬ್ಬೆರಳಿನಿಂದ ಬಾಳೆಲೆಯ ಅಂಚನ್ನು ಒತ್ತಿದ. ‘ಸೀತಾ ಕಳಿಸಿದ್ದಲ್ಲ. ನಾನೇ ಬಡಿಸ್ಕೊಂಡು ಬಂದೆ.’

‘ಮಗೂಗೆ ಏನು ಹೆಸರಿಟ್ರಿ?’

‘ಮೌನ ಅಂತ. ಮಾಧವಿ ಆರಿಸಿದ್ದು.’ ಅವನು ನಗಲು ನೋಡಿದ. ‘ಬೆಳಿಗ್ಗೆಯಿಂದ ಒಂದೇ ಸಮ ಕಿರುಚ್ತಾ ಇದೆ.’

ಅವಳು ನಗಲಿಲ್ಲ. ತಟ್ಟೆಗೆ ಕೈ ಚಾಚಿದಳು. ಅವನು ಕೊಡಲಿಲ್ಲ, ತಟ್ಟೆಯನ್ನೇ ನೋಡುತ್ತ ನಿಂತಿದ್ದ.

‘ಲೀಲಮ್ಮನೋರೆ, ಸೀತಾ ನಿಮ್ಮ ಹತ್ರ ಏನೋ ಅಂದಳಂತೆ. ಅನ್ನಬಾರದಾಗಿತ್ತು. ಅದನ್ನ ಹೇಳಿಸ್ಕೋಬೇಕು ಅಂತ ನಾನು ಮಾಡಿದ್ದಲ್ಲ. ಆವತ್ತು ಅಷ್ಟು ಜನರ ಮುಂದೆ ಒಬ್ರಿಗೆ ಹೂಂ ಅಂದಿದ್ರೆ... ಇರ್ಲಿ ಬಿಡಿ. ನಾನು ಆಡಿದ್ದು ತಪ್ಪು ಮಾತು. ರಾತ್ರಿ ಎಚ್ಚರ ಆದಾಗ ಅದೇ ಕೇಳಿಸತ್ತೆ. ಆಮೇಲೆ ಅಂದ್ಕೋತೀನಿ, ನೀರಾದ್ರೂ ಬಿಟ್ಟೆನಲ್ಲ, ಭೋಜರಾಜರಿಗೆ ಆ ಹೊತ್ತಿಗೆ ಒದಗಿತಲ್ಲ ಅಂತ. ಅದೊಂದು ಸಮಾಧಾನ ನನಗೆ.’ ಕತ್ತೆತ್ತಿದ. ಕಣ್ಣಿನ ಕೆಳಗಿನ ಚರ್ಮ ಮುದುಡಿತ್ತು. ‘ಬಂತಲ್ಲ ನೀರು?’

ವರ್ಷವೆಲ್ಲ ಮಸೆದ ಮಾತುಗಳು ಸಾಲುಗಟ್ಟಿ ನಿಂತಿದ್ದವು. ಅವುಗಳಲ್ಲಿ ಯಾವುದೂ ಇಷ್ಟು ಚಿಕ್ಕದಾಗಿರಲಿಲ್ಲ, ಯಾವುದೂ ನಿಜವಾಗಿರಲಿಲ್ಲ.

‘ಬರಲಿಲ್ಲ’ ಎಂದಳು ಲೀಲಮ್ಮ.

‘ಅಂದ್ರೆ?’

‘ಬರಲಿಲ್ಲ. ನಲ್ಲಿ ತಿರುಗಿಸಿಟ್ಟೇ ಕೂತಿದ್ದೆ. ಒಂದು ತೊಟ್ಟೂ ಬರಲಿಲ್ಲ. ಸಾಯಂಕಾಲದ ತನಕ ಅವ್ರು ಅದರಲ್ಲೇ ಇದ್ರು.’

‘ನಾನೇ ತಿರುಗಿಸಿದ್ದು. ಮೂರು ಅಂತ ನೋಡಿ, ಈ ಕೈಯಲ್ಲೇ...’

‘ನೀವು ತಿರುಗಿಸಿರಬಹುದು.’

ಬದರಿನಾಥರ ಮುಖದಲ್ಲಿ ಏನೋ ಒಂದು ಮೆಲ್ಲಗೆ ಕುಸಿಯಿತು, ಒಳಗಿನ ತೊಲೆ ಮುರಿದು ಹೊರಗಿನ ಸುಣ್ಣ ಇನ್ನೂ ನಿಂತಿರುವ ಗೋಡೆಯ ಹಾಗೆ. ಲೀಲಮ್ಮ ಅದನ್ನು ಪೂರ್ತಿ ನೋಡಿದಳು, ಕಣ್ಣು ಕೀಳಲಿಲ್ಲ. ಅವರು ‘ಪೈಪಲ್ಲಿ ಏರ್ ಕಟ್ಟಿರಬೇಕು’ ಎಂದರು, ‘ಕೆಳಗೆ ಬಂದು ಒಂದು ಮಾತು ಕೇಳಬೇಕಾಗಿತ್ತು ನಾನು’ ಎಂದರು. ‘ಹೌದು, ಕೇಳಬೇಕಾಗಿತ್ತು’ ಎಂದು ಅವಳು ಬಲಗೈ ಚಾಚಿ ತಟ್ಟೆ ತೆಗೆದುಕೊಂಡಳು. ಅವರ ದೃಷ್ಟಿ ಅವಳ ಉಗುರಿನ ಕೆಂಪಿನ ಮೇಲೆ ಒಂದು ಕ್ಷಣ ನಿಂತು, ಏನನ್ನೂ ಕಾಣದೆ, ಸರಿದುಹೋಯಿತು.

ಬಾಗಿಲು ಹಾಕಿ ಒಳಗೆ ಬಂದವಳು ಹೆಜ್ಜೆಯ ಸದ್ದನ್ನು ಕೇಳುತ್ತ ನಿಂತಳು. ಅದು ಎರಡನೇ ಮಹಡಿಯಲ್ಲಿ ನಿಲ್ಲಲಿಲ್ಲ. ನಿಧಾನವಾಗಿ, ಕಂಬಿ ಹಿಡಿದುಕೊಂಡು, ಇನ್ನೂ ಮೇಲಕ್ಕೆ ಹೋಯಿತು. ಹೋಗಲಿ. ಅಗ್ನಿ ನಕ್ಷತ್ರದ ಬಿಸಿಲಿಗೆ ಬಣ್ಣ ಒಣಗಿರುತ್ತದೆ. ನೋಡಲಿ, ಮೂರು ಮೂರೇ, ಐದು ಐದೇ. ಎಷ್ಟು ಹುಡುಕಿದರೂ ಅವರಿಗೆ ಏನೂ ಸಿಗುವುದಿಲ್ಲ. ಪೈಪುಗಳ ಸಂದಿನ ಮೇಲೆ ಎಲ್ಲೋ ಚಕ್ರವೊಂದು ಕಿರುಗುಟ್ಟಿತು. ಬಚ್ಚಲಲ್ಲಿ ಬೆಳಗಿನಿಂದ ತೆರೆದೇ ಇದ್ದ ನಲ್ಲಿ ಕೆಮ್ಮಿತು, ನಡುಗಿತು, ನೀರು ಧಾರೆಯಾಗಿ ಬಿತ್ತು.

‘ಲೀಲಮ್ಮನೋರೆ!’ ಸಂದಿನೊಳಗಿಂದ ದನಿ ಇಳಿದು ಬಂತು, ಮುದಿಯಾಗಿ, ಏದುಸಿರಿನಲ್ಲಿ. ‘ಮೂರು ಬಿಟ್ಟಿದೀನಿ! ಬರ್ತಿದೆಯಾ?’

ಅವಳು ತಟ್ಟೆಯನ್ನು ನೆಲಕ್ಕಿಟ್ಟು, ಬಗ್ಗಿ, ಸದ್ದಾಗದಂತೆ ಅಂಗೈಯನ್ನು ಧಾರೆಯ ಕೆಳಗೆ ಹಿಡಿದಳು. ನೀರು ಬೆರಳ ಸಂದಿನಿಂದ ಮೆತ್ತಗೆ ಇಳಿದು ಬಕೀಟು ಸೇರುತ್ತಿತ್ತು, ಉಗುರಿನ ಕೆಂಪನ್ನು ಬಿಡಿಸದೆ.

‘ಬರ್ತಿದೆಯಾ?’

‘ಇಲ್ಲ’ ಎಂದು ಲೀಲಮ್ಮ ಮೇಲಕ್ಕೆ ಕೂಗಿದಳು.